ಎರಡು ಎಲೆಯ ಹಾಳೆ

ಮೊದಲ ದಿನವೇ ದೊಡ್ಡಪ್ಪ ಹೇಳಿಬಿಟ್ಟರು: "ಇಲ್ಲಿ ನಾನು ನಿನಗೆ ದೊಡ್ಡಪ್ಪ ಅಲ್ಲ. ಸರ್ ಅನ್ನು. ಅದೂ ಅಗತ್ಯ ಬಿದ್ರೆ."

ಅಗತ್ಯ ಬೀಳದ ಹಾಗೆ ನಾಲ್ಕು ತಿಂಗಳು ನೋಡಿಕೊಂಡೆ. ನನಗೆ ಅದು ಕಷ್ಟದ ಕೆಲಸವಲ್ಲ. ಮಾತಿಲ್ಲದ ಮನೆಯಲ್ಲಿ ಬೆಳೆದವಳು ನಾನು. ಅಪ್ಪನೂ ದೊಡ್ಡಪ್ಪನೂ ಒಬ್ಬರ ಮುಖ ಒಬ್ಬರು ನೋಡದೆ ಇಪ್ಪತ್ತೊಂಬತ್ತು ವರ್ಷವಾಗಿತ್ತು, ನನಗೆ ಇಪ್ಪತ್ತೇಳು. ಯಾಕೆ ಎಂದು ಯಾರೂ ಹೇಳಿರಲಿಲ್ಲ. ಕೇಳಬಾರದು ಎಂಬುದನ್ನು ನಡೆಯುವುದಕ್ಕಿಂತ ಮೊದಲೇ ಕಲಿತಿದ್ದೆ.

ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ ಬೀರುಗಳಲ್ಲಿ ಜೋಡಿಸಿಡುವ ಜಾಗ ನಮ್ಮದು. ಹರ್ಬೇರಿಯಂ ಅನ್ನುತ್ತಾರೆ. ಮೂರನೇ ಮಹಡಿಯ ಉದ್ದನೆಯ ಹಾಲ್ ಪೂರ್ತಿ ಜರೀಗಿಡಗಳದು. ಎಪ್ಪತ್ತೆರಡು ಕಬ್ಬಿಣದ ಬೀರು, ನುಸಿಗುಳಿಗೆಯ ವಾಸನೆ, ತೆರೆಯಲು ಬಾರದ ಎತ್ತರದ ಕಿಟಕಿಗಳು. ಒಂದು ಕಿಟಕಿಯ ಕೆಳಗೆ ದೊಡ್ಡಪ್ಪನ ಮೇಜು. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಗೌರವ ಸಲಹೆಗಾರರು ಎಂಬ ಹೆಸರಿನಲ್ಲಿ ದಿನವೂ ಹತ್ತಕ್ಕೆ ಬಂದು ಕೂರುತ್ತಿದ್ದರು. ಹಾಲ್‌ನ ಜೋಡಣೆಯಲ್ಲಿ ಏನು ಬದಲಾದರೂ ಕೊನೆಯ ಪಟ್ಟಿಗೆ ಅವರ ಸಹಿ ಬೇಕೆಂದು ಯಾವುದೋ ಕಾಲದ ನಿಯಮವಿತ್ತು. ಆ ನಿಯಮವನ್ನು ಬರೆದವರೂ ಅವರೇ.

ನನ್ನನ್ನು ತೆಗೆದುಕೊಂಡಿದ್ದು ಆ ಹಾಲನ್ನು ಹೊಸದಾಗಿ ಜೋಡಿಸಲು. ಆರು ತಿಂಗಳ ಕೆಲಸ. ನಿರ್ದೇಶಕರು ಕರೆದು ಹೇಳಿದ್ದರು: "ಪಟ್ಟಿ ಮುಗಿಸಿ, ಅವರ ಸಹಿ ತನ್ನಿ. ನಿಮ್ಮನ್ನ ಕಾಯಂ ಮಾಡ್ತೀವಿ. ಸಹಿ ಆಗ್ಲಿಲ್ಲ ಅಂದ್ರೆ, ನೋಡೋಣ."

ಅವರನ್ನು ಎಲ್ಲರೂ ಬೆನ್ನ ಹಿಂದೆ ನೋಡೋಣ ಸಾಹೇಬರು ಎಂದೇ ಕರೆಯುತ್ತಿದ್ದರು. ಅವರ ಬಾಯಲ್ಲಿ ಆ ಮಾತಿನ ಅರ್ಥ 'ಇಲ್ಲ' ಎಂದು. ಮೂರು ವರ್ಷಗಳಲ್ಲಿ ಇದು ನನ್ನ ನಾಲ್ಕನೆಯ ತಾತ್ಕಾಲಿಕ ಕೆಲಸ. ಐದನೆಯದು ಎಲ್ಲೂ ಕಾಣುತ್ತಿರಲಿಲ್ಲ.

ಹಳೆಯ ಜೋಡಣೆ ಕಣ್ಣಿಗೆ ಕಂಡ ಹೋಲಿಕೆಯದು. ಹೂವಿಲ್ಲ, ಬೀಜವಿಲ್ಲ, ಬೀಜಕಣದಿಂದ ಹುಟ್ಟುತ್ತದೆ ಎಂದರೆ ಸಾಕು, ಎಲ್ಲವನ್ನೂ ಒಂದೇ ಚಾವಡಿಯಲ್ಲಿ ಕೂರಿಸುತ್ತಿದ್ದರು. ನಡುವೆ ಜರೀಗಿಡಗಳು, ಪಕ್ಕದಲ್ಲಿ ಲೈಕೋಪೋಡಿಯಂ, ಸೆಲಾಜಿನೆಲ್ಲಾ, ಕುದುರೆಬಾಲ. ಬಾಗಿಲ ಮೇಲೆ ದೊಡ್ಡಪ್ಪ ಬರೆಸಿದ ತಗಡಿನ ಬೋರ್ಡು: 'ಜರೀಗಿಡಗಳು ಮತ್ತು ಅವುಗಳ ನೆಂಟರು'. ಹೊಸ ಜೋಡಣೆ ಕೇಳುವುದು ಬೇರೆ ಪ್ರಶ್ನೆ. ಯಾರು ಯಾರಂತೆ ಕಾಣುತ್ತಾರೆ ಎಂದಲ್ಲ, ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದರು ಎಂದು. ಒಂದು ಮೂಲದಿಂದ ಬಂದವರೆಲ್ಲ ಒಂದು ಗುಂಪು. ಒಬ್ಬರನ್ನು ಹೊರಗಿಡುವಂತಿಲ್ಲ, ಹೊರಗಿನವರನ್ನು ಸೇರಿಸುವಂತಿಲ್ಲ. ಹಾಗೆ ನೋಡಿದರೆ ಕುದುರೆಬಾಲ ಜರೀಗಿಡಗಳ ಒಳಗಿನದೇ. ಸೆಲಾಜಿನೆಲ್ಲಾ ಮತ್ತು ಅದರ ಬಳಗ ಮಾತ್ರ ಎಲ್ಲರಿಗಿಂತ ಮೊದಲೇ ಬೇರೆಯಾಗಿ ಹೋದದ್ದು. ಎಷ್ಟು ಮೊದಲು ಎಂದರೆ, ಜರೀಗಿಡಕ್ಕೆ ಅದಕ್ಕಿಂತ ಗುಲಾಬಿಯೇ ಹತ್ತಿರ.

ನಾನು ಬೋರ್ಡು ಇಳಿಸಿದ ದಿನ ದೊಡ್ಡಪ್ಪ ತಾವಾಗಿ ಮಾತಾಡಿದರು.

"ಅದನ್ನ ಯಾಕೆ ಇಳಿಸಿದೆ?"

"ಅಂಥ ಗುಂಪೇ ಇಲ್ಲ ಸರ್."

"ನಲವತ್ತು ವರ್ಷ ಇತ್ತಲ್ಲ."

"ಬೋರ್ಡಿತ್ತು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗುಲಾಬಿ ಹತ್ತಿರ, ಸೆಲಾಜಿನೆಲ್ಲಾ ದೂರ. ಇದನ್ನ ಯಾವ ಕಣ್ಣಲ್ಲಿ ನೋಡ್ದೆ?"

"ಕಣ್ಣಲ್ಲಿ ನೋಡಿದ್ದಲ್ಲ ಸರ್. ಡಿಎನ್‌ಎ."

"ಅದನ್ನೇ ಹೇಳ್ತಿರೋದು. ಕಣ್ಣಿಲ್ಲದೋರ ಕೆಲಸ." ಕನ್ನಡಕ ಮತ್ತೆ ಏರಿಸಿಕೊಂಡು, "ಕುದುರೆಬಾಲ ನೆಂಟ ಅಲ್ಲ, ಮನೆ ಒಳಗಿನವನು ಅಂತೀಯ. ಹಾಗಾದ್ರೆ ದಾಯಾದಿ ಅಂತ ಬರೆಸು ಬೋರ್ಡ್ ಮೇಲೆ. ನಿಮ್ಮಪ್ಪನಿಗೂ ಅರ್ಥ ಆಗುತ್ತೆ."

ನನ್ನನ್ನು ಅವರು ಹೆಸರು ಹಿಡಿದು ಕರೆದದ್ದಿಲ್ಲ. ಬೇರೆಯವರ ಮುಂದೆ 'ಬೈಂಡರ್ ಮಗಳು'. ಅಪ್ಪನಿಗೆ ಪುಸ್ತಕ ರಟ್ಟು ಕಟ್ಟುವ ಅಂಗಡಿ. ಆದರೆ ನಾನು ಹುಟ್ಟುವ ಮೊದಲು ಅಪ್ಪ ಇದೇ ಹಾಲ್‌ನಲ್ಲಿ ಗಿಡಗಳನ್ನು ಹಾಳೆಗೆ ಅಂಟಿಸುವ ಕೆಲಸದಲ್ಲಿದ್ದ, ಅಣ್ಣನ ಕೈಕೆಳಗೆ. ಹಳೆಯ ಹಾಳೆಗಳಲ್ಲಿ ಮೂರರಲ್ಲೊಂದು ಅವನದು. ಅದು ಹಾಳೆಯ ಹಿಂದಿನ ಹೆಸರು ನೋಡದೆಯೂ ನನಗೆ ತಿಳಿಯುತ್ತಿತ್ತು. ಒಣಗಿದ ತೊಟ್ಟು ಅಲ್ಲಾಡದಂತೆ ಅದರ ಮೇಲೆ ಅಂಟಿಸುವ ಕಾಗದದ ಪಟ್ಟಿಯನ್ನು ಅಪ್ಪ ದಾರದಷ್ಟು ಸಣ್ಣಗೆ ಕತ್ತರಿಸುತ್ತಾನೆ. ಗಿಡ ಮುಚ್ಚಬಾರದು ಎನ್ನುವುದು ಅವನ ಹಟ. ಬೇರೆಯವರ ಪಟ್ಟಿಗಳು ಬ್ಯಾಂಡೇಜಿನ ಹಾಗಿರುತ್ತವೆ.

ಐದನೆಯ ತಿಂಗಳು ಮುಗಿಯುವಾಗ ಒಂದೇ ಬೀರು ಉಳಿದಿತ್ತು. ಅರವತ್ತೊಂದು.

ಅದರ ಮೇಲಿನ ಅರೆಯಲ್ಲಿ ಒಂದು ಕೆಂಪು ಕಡತ, ಕಡತದೊಳಗೆ ಒಂದೇ ಹಾಳೆ. ದೊಡ್ಡಪ್ಪ ತಮ್ಮ ಮೂವತ್ತೇಳನೆಯ ವಯಸ್ಸಿನಲ್ಲಿ ತೊರೆಯ ಪಕ್ಕದ ಬಂಡೆಯೊಂದರಿಂದ ತಂದ ಜರೀಗಿಡ. ಅದು ಗೊತ್ತಿದ್ದ ಯಾವ ಕುಲಕ್ಕೂ ಸೇರಲಿಲ್ಲವಾಗಿ ಅವರು ಅದಕ್ಕೆಂದೇ ಹೊಸ ಕುಲವೊಂದನ್ನು ಮಾಡಿ ಹೆಸರಿಟ್ಟಿದ್ದರು. ಇಡೀ ಕುಲಕ್ಕೆ ಒಂದೇ ಗಿಡ, ಗಿಡಕ್ಕೆ ಒಂದೇ ಹಾಳೆ. ಆಮೇಲೆ ಯಾರಿಗೂ ಅದು ಸಿಗಲಿಲ್ಲ, ಸಿಗದಷ್ಟೂ ಅದರ ಗೌರವ ಹೆಚ್ಚಿತು. ಕೆಳಗಿನ ಮೆಟ್ಟಿಲ ಬಳಿ ತೂಗುಹಾಕಿದ ಫೋಟೋದಲ್ಲಿ ದೊಡ್ಡಪ್ಪ ಹಿಡಿದಿರುವುದು ಅದೇ ಹಾಳೆ.

"ಅರವತ್ತೊಂದನ್ನ ಮುಟ್ಬೇಡ," ಎಂದರು. "ಉಳಿದದ್ದು ಏನು ಬೇಕಾದ್ರೂ ಮಾಡ್ಕೋ. ಗುಲಾಬಿನ ತಂದು ಜರೀಗಿಡದ ತೊಡೆ ಮೇಲೆ ಕೂರ್ಸು. ಸಹಿ ಹಾಕ್ತೀನಿ."

ಒಳ್ಳೆಯ ಒಪ್ಪಂದವೇ. ಆದರೆ ತಡವಾಗಿತ್ತು. ಹೊಸ ಜೋಡಣೆಯಲ್ಲಿ ಆ ಕುಲವನ್ನು ಯಾರ ಪಕ್ಕ ಇಡಬೇಕೆಂದು ತಿಳಿಯಲು, ನಿರ್ದೇಶಕರ ಅನುಮತಿ ಪಡೆದು, ಆ ಹಾಳೆಯ ಮೂಲೆಯ ಕಾಗದದ ಪೊಟ್ಟಣದಲ್ಲಿದ್ದ ಎಲೆಪುಡಿಯಿಂದ ಒಂದು ಚಿಟಿಕೆಯನ್ನು ನಾನು ಆಗಲೇ ಡಿಎನ್‌ಎ ನೋಡಲೆಂದು ಎರಡನೇ ಮಹಡಿಗೆ ಕೊಟ್ಟುಬಂದಿದ್ದೆ.

ಎರಡನೇ ಮಹಡಿಯ ಪ್ರಯೋಗಶಾಲೆ ಪಿಪೆಟ್ ಅಕ್ಕನದು. ಹನಿ ಅಳೆದು ಬಿಡುವ ಪಿಪೆಟ್ ನಳಿಗೆ ಸದಾ ಕೈಯಲ್ಲಿರುತ್ತಿದ್ದುದಕ್ಕೆ ಎಲ್ಲರೂ ಹಾಗೇ ಕರೆಯುತ್ತಿದ್ದರು, ಅವಳೂ ಫೋನ್ ಎತ್ತಿದರೆ ಹಾಗೇ ಹೇಳುತ್ತಿದ್ದಳು. ನಮ್ಮ ಕಟ್ಟಡದಲ್ಲಿ ಗಟ್ಟಿಯಾಗಿ ನಗುವವಳು ಅವಳೊಬ್ಬಳೇ.

"ಬಾ ತಾಯಿ," ಎಂದಳು. "ನಿನ್ನ ಗಿಡ ನನ್ನ ಮಾನ ತೆಗೀತು. ಮೊದಲ ಸಲ ಕಲಸುಮೇಲೋಗರ ಬಂತು. ನಾನೇ ಕೊಳೆ ಮಾಡಿದೆ ಅಂತ ಮತ್ತೆ ಮಾಡ್ದೆ. ಒಂದು ಚೂರು ಒಂದು ಕಡೆ ಹೋಗುತ್ತೆ, ಇನ್ನೊಂದು ಚೂರು ಇನ್ನೊಂದು ಕಡೆ."

"ಹತ್ತಿರದ ಕಡೆಗಳಾ?"

"ಹತ್ತಿರಾನಾ? ಆ ಎರಡರ ಮನೆ ಬೇರೆ ಆಗಿದ್ದು ಡೈನೋಸಾರ್ ಕಾಲದಲ್ಲಿ. ಒಂದು ಈ ಕೊನೆ ಬೀರು, ಒಂದು ಆ ಕೊನೆ ಬೀರು. ಎರಡೂ ಎಲ್ಲರಿಗೂ ಗೊತ್ತಿರೋ ಮಾಮೂಲಿ ಗಿಡ. ಹೊಸ ಕುಲಾನೂ ಇಲ್ಲ, ಸುಡುಗಾಡೂ ಇಲ್ಲ." ಆಮೇಲೆ ದನಿ ತಗ್ಗಿಸಿದಳು. "ನಿಮ್ಮ ದೊಡ್ಡಪ್ಪನದಲ್ವಾ?"

"ಹೂಂ."

"ಒಂದು ಕೆಲಸ ಮಾಡು. ಒಂದೊಂದು ಎಲೆಯಿಂದ ಒಂದೊಂದು ಚೂರು ನೇರವಾಗಿ ತಂದ್ಕೊಡು. ಪೊಟ್ಟಣದ್ದು ಬೇಡ. ಇನ್ನೊಂದು ಸಲ ನೋಡಿಬಿಡ್ತೀನಿ. ಆಮೇಲೆ ನೀನುಂಟು, ನಿನ್ನ ಮನೆಯವರುಂಟು."

ಒಂದು ಮಧ್ಯಾಹ್ನ ದೊಡ್ಡಪ್ಪ ಊಟಕ್ಕೆ ಹೋದಾಗ ಹಾಳೆಯನ್ನು ದೀಪದ ಕೆಳಗಿಟ್ಟೆ. ಎರಡು ಎಲೆಗಳು. ಒಂದು ಅಗಲದ್ದು, ಬರಿಯ ಹಸಿರೆಲೆ. ಇನ್ನೊಂದು ಸಪೂರ, ಬೆನ್ನ ತುಂಬ ಬೀಜಕಣದ ಸಾಲು. ಹೀಗೆ ಎರಡು ಬಗೆಯ ಎಲೆ ಬಿಡುವ ಜರೀಗಿಡಗಳು ಬೇಕಾದಷ್ಟಿವೆ. ಉಣ್ಣುವುದಕ್ಕೊಂದು ಎಲೆ, ಹೆರುವುದಕ್ಕೊಂದು. ಅದಕ್ಕೇ ದೊಡ್ಡಪ್ಪನಿಗೆ ಅನುಮಾನ ಬಂದಿರಲಿಲ್ಲ, ಅವರ ಪ್ರಬಂಧ ಓದಿದ ಯಾರಿಗೂ ಬಂದಿರಲಿಲ್ಲ. ಭೂತಗನ್ನಡಿಯಲ್ಲಿ ತೊಟ್ಟುಗಳ ಮೇಲಿನ ಹೊಟ್ಟನ್ನು, ಮೀನಿನ ಹುರುಪೆಯಂಥ ಸಣ್ಣ ಪೊರೆಗಳನ್ನು, ನೋಡಿದೆ. ಒಂದರದು ಒಂದೇ ಸಮ ಕಂದು. ಇನ್ನೊಂದರದರಲ್ಲಿ ನಟ್ಟನಡುವೆ ಕಪ್ಪು ಗೆರೆ. ಒಂದೇ ಗಿಡದ ತೊಟ್ಟುಗಳಲ್ಲಿ ಹಾಗಿರುವುದಿಲ್ಲ.

ಎರಡೂ ತೊಟ್ಟುಗಳು ಒಂದೇ ಬುಡಕ್ಕೆ ಸೇರುವಂತೆ ಹಾಳೆಯ ಕೆಳಗೆ ಇಳಿದು ಬಂದಿದ್ದವು. ಸೇರಬೇಕಾದ ಜಾಗದಲ್ಲಿ ಒಂದು ಕಾಗದದ ಪಟ್ಟಿ. ಎರಡು ಬೆರಳು ಅಗಲ.

ಹಾಳೆಯ ಉಳಿದ ಒಂಬತ್ತು ಪಟ್ಟಿಗಳು ದಾರದಷ್ಟು ಸಣ್ಣ. ಅಪ್ಪನ ಕೈ. ಆ ಅಗಲ ಪಟ್ಟಿಯೂ ಅಪ್ಪನದೇ, ಅದರ ಅಂಚು ಅವನು ಮಾತ್ರ ಕತ್ತರಿಸುವಷ್ಟು ನೇರವಾಗಿತ್ತು. ಇದು ಕೈತಪ್ಪಲ್ಲ. ಸೇರದ ಎರಡು ತೊಟ್ಟುಗಳು ಸೇರಿಲ್ಲವೆಂದು ಯಾರಿಗೂ ಕಾಣದಂತೆ, ಗೊತ್ತಿದ್ದವನು ಮುಚ್ಚಿದ ಜಾಗ.

ಎರಡು ಚೂರು ಕತ್ತರಿಸಿ ಕೆಳಗೆ ಕೊಟ್ಟೆ. ಹತ್ತು ದಿನಕ್ಕೆ ಬಂದ ಉತ್ತರ ಮೊದಲಿನದೇ. ಆ ಸಂಜೆ ನೇರವಾಗಿ ಅಂಗಡಿಗೆ ಹೋದೆ.

ಮೆಟ್ಟಿಲ ಕೆಳಗಿನ ಅಂಗಡಿ. ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು. ಅಪ್ಪ ದಪ್ಪ ದಫ್ತರವೊಂದರ ಬೆನ್ನಿಗೆ ಅಂಟು ಸವರುತ್ತಿದ್ದ.

"ಅಪ್ಪ, ಅರವತ್ತೊಂದನೇ ಬೀರುವಿನ ಹಾಳೆ ನೀನು ಅಂಟಿಸಿದ್ದಾ?"

ಕುಂಚ ನಿಲ್ಲಲಿಲ್ಲ. "ಆಗ ಅದು ಐವತ್ತೆಂಟು."

"ಅದರಲ್ಲಿ ಎರಡು ಗಿಡ ಇದೆ."

"ಇದೆ."

"ಗೊತ್ತಿತ್ತಾ ನಿಂಗೆ?"

"ತೊಟ್ಟು ಹಿಡಿದು ಕೂರೋನು ನಾನು. ಹೊಟ್ಟು ನನ್ನ ಬೆರಳಿಗೆ ಅಂಟೋದು, ಅವನ ಬೆರಳಿಗಲ್ಲ." ಅಂಟು ಸವರಿದ ಕಡೆಗೆ ಬಟ್ಟೆಯ ತುಂಡು ಕೂರಿಸಿ, ಹೆಬ್ಬೆರಳಿನಿಂದ ಒತ್ತಿದ. "ಹೇಳೋಕೆ ಹೋದೆ. ಅಣ್ಣಾ, ಇದು ಸ್ವಲ್ಪ ನೋಡು ಅಂದೆ. ಹೊರಗಿನಿಂದ ಬಂದ ನಾಲ್ಕು ಜನ ದೊಡ್ಡೋರು ನಿಂತಿದ್ರು. ಅವರ ಮುಂದೆ, 'ನಿನ್ನ ಕೆಲಸ ಅಂಟು, ಅಂಟಿಸು' ಅಂದ. ಅವರು ನಕ್ರು. ಸರಿ, ಅಂಟಿಸಿದೆ."

"ಅಷ್ಟು ಅಗಲದ ಪಟ್ಟಿ ಹಾಕಿ."

ಅಪ್ಪ ಮೊದಲ ಸಲ ತಲೆ ಎತ್ತಿದ. ಮುಖದಲ್ಲಿ ನಗುವಿತ್ತು. ನಾನು ಆ ನಗುವನ್ನು ಮೊದಲು ನೋಡಿರಲಿಲ್ಲ. "ಇನ್ನೂ ಗಟ್ಟಿಯಾಗಿದೆ ಅಲ್ವಾ?"

"ಆಮೇಲಾದ್ರೂ ಹೇಳ್ಬಹುದಿತ್ತು."

"ಕೇಳ್ಬೇಕಿತ್ತು. ಹೆಸರಿಟ್ಟ, ಫೋಟೋ ತೆಗೆಸ್ಕೊಂಡ, ಭಾಷಣ ಮಾಡ್ದ. ಒಂದು ಸಲ, ಅವತ್ತು ಏನೋ ಹೇಳೋಕೆ ಬಂದ್ಯಲ್ಲ ಏನದು, ಅಂತ ಕೇಳಿದ್ರೆ ಮುಗೀತಿತ್ತು. ಕೇಳ್ಲಿಲ್ಲ. ನಾನು ಕೆಲಸ ಬಿಟ್ಟೆ."

"ಇದನ್ನೇ ಒಂದು ಕಾಗದದ ಮೇಲೆ ಬರ್ದುಕೊಡು. ಅಂಟಿಸಿದವನ ಮಾತು ಅಂತ ಹಾಳೆ ಜೊತೆ ಇಡ್ತೀನಿ."

"ನಾನ್ಯಾಕೆ?" ದಫ್ತರವನ್ನು ಒತ್ತುಯಂತ್ರದಲ್ಲಿಟ್ಟು ತಿರುಪು ಬಿಗಿದ. "ನೀನು ಓದಿದವಳು. ನೀನು ಬರಿ. ನಿನ್ನನ್ನ ಓದ್ಸಿದ್ದು ಮತ್ತೆ ಯಾತಕ್ಕೆ?"

ಅವನು ಅದನ್ನು ಮಾಮೂಲಿ ಮಾತಿನಂತೆ ಹೇಳಿ ಕೈ ಒರೆಸಿಕೊಂಡ. ನನಗೆ ಹದಿನೇಳು ವರ್ಷವಿದ್ದಾಗಿನ ಒಂದು ಬೆಳಗು ಎದುರು ಬಂದು ನಿಂತಿತು. ನಾನು ಇತಿಹಾಸ ಓದುತ್ತೇನೆ ಎಂದಿದ್ದೆ. ಯಾವುದಕ್ಕೂ ಬೇಡ ಎನ್ನದ ಅಪ್ಪ ಅರ್ಜಿಯನ್ನು ಹರಿದು, ಹೊಸದು ತಂದು, ಸಸ್ಯಶಾಸ್ತ್ರ ಎಂದು ತಾನೇ ತುಂಬಿದ್ದ. ಅಣ್ಣನ ಮೇಲಿನ ಅಭಿಮಾನ ಎಲ್ಲೋ ಉಳಿದಿದೆ ಎಂದು ನಾನು ಒಳಗೊಳಗೇ ಖುಷಿಪಟ್ಟಿದ್ದೆ. ಹತ್ತು ವರ್ಷ ಅದೇ ಖುಷಿಯ ಮೇಲೆ ಓದಿದೆ, ದುಡಿದೆ.

"ನನ್ನ ಕೆಲಸ ಹೋಗುತ್ತೆ ಅಪ್ಪ. ಅವರ ಸಹಿ ಇಲ್ದೆ ಕಾಯಂ ಆಗಲ್ಲ."

"ಹೋದ್ರೆ ಹೋಗ್ಲಿ ಬಿಡು. ಇಲ್ಲಿ ಕೆಲಸ ಇಲ್ವಾ?" ಎಂದ ಅಪ್ಪ.

ಮರುದಿನ ಹತ್ತಕ್ಕೆ ದೊಡ್ಡಪ್ಪ ಬರುವ ಮೊದಲೇ ಕೆಂಪು ಕಡತವನ್ನು ಅವರ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕೊನೆಯ ಪಟ್ಟಿಯನ್ನೂ ಇಟ್ಟಿದ್ದೆ. ಅವರು ಕಡತ ನೋಡಿದರು, ನನ್ನನ್ನು ನೋಡಿದರು.

"ಮುಟ್ಬೇಡ ಅಂದಿದ್ದೆ."

"ಇದರಲ್ಲಿ ಎರಡು ಗಿಡ ಇದೆ ಸರ್."

"ಗೊತ್ತು."

ದೊಡ್ಡಪ್ಪ ಕೂತು, ಸಾವಕಾಶವಾಗಿ ಕನ್ನಡಕ ಒರೆಸಿದರು.

"ಎರಡನೇ ವರ್ಷವೇ ಹೋಗಿದ್ದೆ, ಒಬ್ಬನೇ. ಅದೇ ಬಂಡೆ. ಎರಡೂ ಒಂದೇ ಪಾಚಿಯಲ್ಲಿ ಬೇರು ಹೆಣೆದುಕೊಂಡು ನಿಂತಿದ್ವು. ಕಿತ್ತಾಗ ಒಟ್ಟಿಗೇ ಬಂದಿರ್ಬೇಕು. ಬಿಡಿಸಿ ನೋಡ್ದೆ, ಬೇರೆ ಬೇರೆ. ಯಾರಿಗೂ ಸಿಗಲ್ಲ ಅಂತಾರಲ್ಲ ಅದು. ಸಿಗೋದು ಹೇಗೆ, ಇದ್ರೆ ತಾನೆ."

"ಹೇಳ್ಬಹುದಿತ್ತಲ್ಲ ಸರ್. ಒಂದು ತಿದ್ದುಪಡಿ ಬರೆದಿದ್ರೆ ಸಾಕಿತ್ತು. ಎಲ್ಲರಿಗೂ ಆಗೋ ತಪ್ಪೇ."

"ನನಗಾದ ತಪ್ಪು. ಅವನು ಮಾಡಿದ್ದು ತಪ್ಪಲ್ಲ, ಬೇಕಂತಲೇ." ಅಗಲ ಪಟ್ಟಿಯ ಮೇಲೆ ಉಗುರಿನಿಂದ ಒಂದು ಗೆರೆ ಎಳೆದರು. "ಇದನ್ನ ನೋಡಿದ ದಿನವೇ ಗೊತ್ತಾಯ್ತು. ಬಂದು ಹೇಳ್ಲಿ ಅಂತ ಕಾಯ್ದೆ. ಗೊತ್ತಿದ್ದೂ ಅಂಟಿಸ್ದೆ ಅಣ್ಣಾ ಅಂತ ಒಂದು ಮಾತು. ನಾನು ಮೊದಲು ಹೇಳಿದ್ರೆ ಅವನು ಗೆದ್ದ ಹಾಗೆ. ಅಷ್ಟು ಧಾರಾಳ ಇಲ್ಲ ನನ್ನ ಹತ್ರ."

"ಅದಕ್ಕೆ ಇಪ್ಪತ್ತೊಂಬತ್ತು ವರ್ಷ?"

"ಅವನು ಲೆಕ್ಕ ಇಟ್ಟಿದಾನಾ? ಇಟ್ಟಿರ್ತಾನೆ." ಪೆನ್ನಿನ ಮುಚ್ಚಳ ತೆಗೆದು, ನನ್ನ ಪಟ್ಟಿಯನ್ನು ಎದುರಿಗೆ ಎಳೆದುಕೊಂಡರು. "ನೋಡು. ಕಡತ ಇದ್ದಲ್ಲಿ ಇಡು. ಸಹಿ ಹಾಕ್ತೀನಿ, ನೀನು ಕಾಯಂ ಆಗು. ನಾನು ಸತ್ತ ಮೇಲೆ ಏನು ಬೇಕಾದ್ರೂ ಬರ್ಕೋ. ಜಾಸ್ತಿ ಕಾಯ್ಬೇಕಾಗಲ್ಲ. ಅವನಿಗೆ ಮಾತ್ರ ನಾನಿರೋವಾಗ ಆ ಸುಖ ಕೊಡ್ಬೇಡ."

ಪೆನ್ನಿನ ತುದಿ ಕಾಗದದಿಂದ ಒಂದು ಅಕ್ಕಿಕಾಳಿನಷ್ಟು ಮೇಲೆ ನಿಂತಿತ್ತು. ಅದು ಕೆಳಗಿಳಿದರೆ ಹತ್ತು ವರ್ಷದ ದುಡಿತಕ್ಕೆ ಒಂದು ಕುರ್ಚಿ ಸಿಗುತ್ತಿತ್ತು. ಬರೆದರೆ ಅಪ್ಪನ ಕೈಯ ಕತ್ತಿ ನಾನು. ಬಿಟ್ಟರೆ ದೊಡ್ಡಪ್ಪನ ಕೈಯ ಮುಚ್ಚಳ. ಇಬ್ಬರ ನಡುವೆ ನನ್ನದು ಎಂಬ ಜಾಗ ಎಲ್ಲಿದೆ ಎಂದು ಹುಡುಕಿದೆ. ಹಾಳೆಯ ಮೇಲೆ ಕಣ್ಣು ಬಿತ್ತು. ಆ ಎರಡು ಗಿಡಗಳಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಯಾವತ್ತೂ ಹುಟ್ಟದ ಒಂದು ಕುಲದ ಹೆಸರನ್ನು ಹೊತ್ತು ಅವು ಒಂದಕ್ಕೊಂದು ಕಟ್ಟಿಬಿದ್ದಿದ್ದವು, ಅಷ್ಟೇ. ಎಪ್ಪತ್ತೊಂದು ಬೀರುಗಳಲ್ಲಿ ಹುಟ್ಟನ್ನು ನೋಡಿ ಜೋಡಿಸಿ, ಈ ಒಂದರಲ್ಲಿ ಮುಖ ನೋಡಿ ಬಿಟ್ಟರೆ, ಉಳಿದದ್ದನ್ನೂ ನಾನು ಮಾಡಿಲ್ಲದ ಹಾಗೆ.

ನಮ್ಮಲ್ಲಿ ಹಾಳೆಯ ಮೇಲಿನ ಹಳೆಯ ಚೀಟಿಯನ್ನು ಕೀಳುವಂತಿಲ್ಲ. ಒಪ್ಪದವರು ತಮ್ಮ ಚೀಟಿಯನ್ನು ಅದರ ಪಕ್ಕದಲ್ಲಿ ಅಂಟಿಸಬೇಕು. ಜೇಬಿನಿಂದ ಖಾಲಿ ಚೀಟಿ ತೆಗೆದು, ಅವರ ಮೇಜಿನ ಮೂಲೆಯಲ್ಲೇ ಬರೆದೆ. ಎಡಗಡೆಯ ಎಲೆ ಇಂಥದು. ಬಲಗಡೆಯ ಎಲೆ ಇಂಥದು. ಎರಡು ಗಿಡ. ಕೆಳಗೆ ನನ್ನ ಹೆಸರು, ತಾರೀಕು. ಅಂಟು ಹಚ್ಚಿ, ಅವರ ಚೀಟಿಯ ಬಲಕ್ಕೆ ಒತ್ತಿದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. ಬಹಳ ಹೊತ್ತು ಚೀಟಿಯನ್ನು ಓದಿದರು, ಮೂರೇ ಸಾಲಿದ್ದರೂ.

"ಅಕ್ಷರ ಅವನದೇ," ಎಂದರು.

"ದೊಡ್ಡಪ್ಪ."

"ಆಚೆ ಹೋಗು."

ನಿರ್ದೇಶಕರ ಕೋಣೆಯಲ್ಲಿ ಐದು ನಿಮಿಷ ನಿಂತಿದ್ದೆ. ಸಹಿಯಿಲ್ಲದ ಪಟ್ಟಿಯನ್ನು ಅವರು ಹಿಂದೆ ಮುಂದೆ ತಿರುಗಿಸಿದರು. ಕೆಲಸ ಚೆನ್ನಾಗಿದೆ ಎಂದರು. ಹಿರಿಯರನ್ನು ಸ್ವಲ್ಪ ನಯವಾಗಿ ನೋಡಿಕೊಳ್ಳಬೇಕಿತ್ತು ಎಂದರು. ಆಮೇಲೆ ನೋಡೋಣ ಎಂದರು. ಮೆಟ್ಟಿಲಿಳಿಯುವಾಗ ಪಿಪೆಟ್ ಅಕ್ಕ ಬಾಗಿಲಿಗೆ ಬಂದು, "ಬರೆದ್ಯಂತೆ," ಎಂದಳು. ನಗಲಿಲ್ಲ. ನನ್ನ ಚೀಲ ಹಿಡಿದು ಕೆಳಗಿನವರೆಗೂ ಬಂದಳು.

ಈಗ ನಾನು ಅಂಗಡಿಯಲ್ಲಿ ಕೂರುತ್ತೇನೆ. ಹೊಲಿಗೆ ನನ್ನದು, ರಟ್ಟು ಅಪ್ಪನದು. ಮೊದಲ ದಿನ ಅಪ್ಪ ಬಾಗಿಲಲ್ಲೇ ಕಾದಿದ್ದ, ಕೈಯ ಅಂಟನ್ನೂ ತೊಳೆಯದೆ.

"ಏನಾಯ್ತು? ಬರೆದ್ಯಾ?"

ನಾನು ಚೀಲ ಇಳಿಸಿ, ಮೂಲೆಯ ಸ್ಟೂಲಿನ ಮೇಲೆ ಕೂತೆ.

"ಅವನು ಏನಂದ?"

ಸೂಜಿಗೆ ದಾರ ಪೋಣಿಸಿದೆ.

"ಏ, ನಿನ್ನನ್ನೇ ಕೇಳ್ತಿರೋದು. ಬರೆದ್ಯೋ, ಸಹಿ ಹಾಕಿಸ್ಕೊಂಡ್ಯೋ? ಕೆಲಸ ಬಿಟ್ಟು ಬಂದಿದೀಯ ಅಂದ್ರೆ ಬರ್ದಿರ್ಬೇಕು. ಅಥವಾ ಅವನೇ ಮೊದಲು ಓಡ್ಸಿದ್ನಾ?"

ಅವನು ಆ ಮೂರು ಮಹಡಿ ಹತ್ತುವವನಲ್ಲ. ಹತ್ತಿದರೂ ಬೀರುವಿನ ಕೀಲಿ ಈಗ ಅಣ್ಣನ ಹತ್ತಿರ. ಅವನಿಗೆ ನನ್ನನ್ನು ಬಿಟ್ಟರೆ ಬೇರೆ ದಾರಿಯಿಲ್ಲ, ಅದು ಅವನಿಗೂ ಗೊತ್ತು. ದಿನಕ್ಕೊಮ್ಮೆ ಕೇಳುತ್ತಾನೆ. ಒಮ್ಮೊಮ್ಮೆ ತಮಾಷೆಯಾಗಿ, ಒಮ್ಮೊಮ್ಮೆ ಬೈದು, ನಿನ್ನೆ ಮಾತ್ರ ಬಹಳ ಮೆಲ್ಲಗೆ, ಮಗಳೇ ಎಂದು ಕರೆದು ಕೇಳಿದ.

ನಾನು ದಾರ ಬಿಗಿದು ಮುಂದಿನ ಹಾಳೆ ತೆಗೆದುಕೊಂಡೆ.